ಪರಿಹಾರಕ್ಕೆ ಮಿತಿ ಹಾಕುವಾಗ ಶಾಸಕರು ಯಾವ ಲೆಕ್ಕ ನೋಡುತ್ತಾರೆ?

ಪ್ರಶ್ನೆ: ನಾನು ಮೈಸೂರಿನಲ್ಲಿ ಓದಿ, ಈಗ ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿ ಪ್ರಸೂತಿ ತಜ್ಞೆಯಾಗಿದ್ದೇನೆ. ವೈದ್ಯಕೀಯ ನಿರ್ಲಕ್ಷ್ಯದ ಮೊಕದ್ದಮೆಗಳಲ್ಲಿ ಸಿಗುವ ಪರಿಹಾರಕ್ಕೆ ಮಿತಿ ಹಾಕುವ ಕಾನೂನುಗಳ ಮಾತು ಬಂದಾಗಲೆಲ್ಲ ನನ್ನ ಸಹೋದ್ಯೋಗಿಗಳು, ‘ಇದನ್ನು ವಿರೋಧಿಸುವ ಶಾಸಕರೆಲ್ಲ ವಕೀಲರ ದುಡ್ಡಿನಿಂದ ಗೆದ್ದವರು’ ಎನ್ನುತ್ತಾರೆ. ವಕೀಲರಾಗಿರುವ ಸ್ನೇಹಿತರು, ‘ಬೆಂಬಲಿಸುವವರೆಲ್ಲ ವಿಮಾ ಕಂಪನಿಗಳ ದುಡ್ಡಿನವರು’ ಎನ್ನುತ್ತಾರೆ. ನಿಜಕ್ಕೂ ಯಾವ ಆರ್ಥಿಕ ಕಾರಣಗಳು ಶಾಸಕರ ಮತವನ್ನು ರೂಪಿಸುತ್ತವೆ? ನಮ್ಮ ರಾಜ್ಯದ ಕಾನೂನನ್ನು ಇದರ ಹಿನ್ನೆಲೆಯಲ್ಲಿ ಹೇಗೆ ಅರ್ಥಮಾಡಿಕೊಳ್ಳಬೇಕು?

ಉತ್ತರ: ಎರಡೂ ಕಡೆಯವರು ಹೇಳುವುದರಲ್ಲಿ ಸತ್ಯದ ಒಂದು ಪಾಲಿದೆ. ಆದರೆ ಚುನಾವಣಾ ದೇಣಿಗೆ ಈ ವಿಷಯದಲ್ಲಿ ಎಲ್ಲರ ಕಣ್ಣಿಗೆ ಬೀಳುವ ಅಂಶವೇ ಹೊರತು ಎಲ್ಲಕ್ಕಿಂತ ಬಲವಾದ ಅಂಶವಲ್ಲ. ಇಂಥ ಮಸೂದೆ ಯಾವಾಗ ಮತಕ್ಕೆ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ವಿಮಾ ಮಾರುಕಟ್ಟೆಯ ಏರಿಳಿತ ನಿರ್ಧರಿಸುತ್ತದೆ. ಬಂದಾಗ ಯಾರು ಯಾವ ಕಡೆ ನಿಲ್ಲುತ್ತಾರೆ ಎಂಬುದನ್ನು ಪಕ್ಷ, ಶಾಸಕರ ಸ್ವಂತ ವೃತ್ತಿ ಮತ್ತು ಕ್ಷೇತ್ರದಲ್ಲಿ ಯಾರ ನಷ್ಟ ಕಣ್ಣಿಗೆ ಕಾಣುತ್ತದೆ ಎಂಬ ಸಂಗತಿಗಳು ನಿರ್ಧರಿಸುತ್ತವೆ. ನಾನು ಹೆಚ್ಚು ತೂಕ ಕೊಡುವುದು ಇವುಗಳಲ್ಲಿ ಕೊನೆಯದಕ್ಕೆ.

ಮೊದಲು ಮಿತಿ ಎಂದರೆ ಯಾವುದಕ್ಕೆ ಮಿತಿ ಎಂಬುದು ಸ್ಪಷ್ಟವಾಗಬೇಕು. ಚಿಕಿತ್ಸೆಯ ಖರ್ಚು, ಮುಂದಿನ ಆರೈಕೆಯ ವೆಚ್ಚ, ಕಳೆದುಕೊಂಡ ಸಂಬಳ ಇವೆಲ್ಲ ಆರ್ಥಿಕ ನಷ್ಟಗಳು. ಬಹುತೇಕ ರಾಜ್ಯಗಳಲ್ಲಿ ಇವುಗಳಿಗೆ ಮಿತಿಯಿಲ್ಲ. ನೋವು, ಅಂಗವೈಕಲ್ಯದ ಸಂಕಟ, ತಾಯ್ತನದ ಸಾಧ್ಯತೆಯನ್ನೇ ಕಳೆದುಕೊಂಡ ದುಃಖ, ಮಗುವಿನ ಸಾವು ಇಂಥವನ್ನು ಆರ್ಥಿಕೇತರ ನಷ್ಟ ಎಂದು ಕರೆಯುತ್ತಾರೆ, ಮತ್ತು ಕಾನೂನು ಮಿತಿ ಹಾಕುವುದು ಇವಕ್ಕೆ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಬದುಕುಳಿದ ಮಗುವಿಗೆ ಜೀವನಪರ್ಯಂತದ ಆರೈಕೆಯ ವೆಚ್ಚ ಮಿತಿಯಿಲ್ಲದೆ ಸಿಗಬಹುದು. ಅದೇ ಹೆರಿಗೆ ಕೋಣೆಯಲ್ಲಿ ಸತ್ತ ಮಗುವಿಗೆ ಸಂಬಳವೂ ಇಲ್ಲ, ಮುಂದಿನ ಖರ್ಚೂ ಇಲ್ಲ. ಆ ತಂದೆತಾಯಿಗೆ ಸಿಗುವುದೆಲ್ಲ ಮಿತಿಯೊಳಗಿನ ಮೊತ್ತವೇ. ಮನೆವಾರ್ತೆ ನೋಡಿಕೊಳ್ಳುವ ಹೆಂಗಸರು, ನಿವೃತ್ತರು, ಕಡಿಮೆ ಸಂಬಳದವರು ಇವರೆಲ್ಲರ ಸ್ಥಿತಿಯೂ ಹೆಚ್ಚು ಕಡಿಮೆ ಹೀಗೆಯೇ. ಶಾಸನಸಭೆಯ ಚರ್ಚೆಯಲ್ಲಿ ‘ಮಿತಿ’ ಎಂಬ ಒಂದೇ ಮಾತು ಓಡಾಡುತ್ತದೆ, ಆದರೆ ಅದರ ಭಾರ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ.

ಇನ್ನು ಕಾಲದ ಪ್ರಶ್ನೆ. ಅಮೆರಿಕದಲ್ಲಿ ಈ ಸುಧಾರಣೆಗಳು ವರ್ಷವರ್ಷವೂ ಒಂದೇ ಸಮನೆ ಬಂದವಲ್ಲ. 1970ರ ದಶಕದ ಮಧ್ಯಭಾಗ, 1980ರ ದಶಕದ ಮಧ್ಯಭಾಗ ಮತ್ತು 2001ರಿಂದ 2005ರ ಅವಧಿ ಎಂದು ಮೂರು ಅಲೆಗಳಾಗಿ ಬಂದವು. ಮೂರೂ ಸಲ ಮುಂಚೆ ನಡೆದದ್ದು ಒಂದೇ ಘಟನೆ: ವೈದ್ಯರ ವಿಮಾ ಕಂತು ಇದ್ದಕ್ಕಿದ್ದಂತೆ ಏರಿತು, ಅಥವಾ ವಿಮೆ ಸಿಗುವುದೇ ಕಷ್ಟವಾಯಿತು. 2001ರ ಡಿಸೆಂಬರ್‌ನಲ್ಲಿ, ಈ ವ್ಯವಹಾರದಲ್ಲಿ ದೇಶದ ಅತಿದೊಡ್ಡ ಕಂಪನಿಗಳಲ್ಲಿ ಒಂದಾಗಿದ್ದ ಸೇಂಟ್ ಪಾಲ್, ವೈದ್ಯಕೀಯ ನಿರ್ಲಕ್ಷ್ಯದ ವಿಮೆಯಿಂದಲೇ ಹೊರನಡೆಯುವುದಾಗಿ ಘೋಷಿಸಿತು. ಆಗ ಸಾವಿರಾರು ವೈದ್ಯರು ಹೊಸ ವಿಮೆಗಾಗಿ ಅಲೆಯಬೇಕಾಯಿತು, ಉಳಿದ ಕಂಪನಿಗಳು ದರ ಏರಿಸಿದವು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಕಚೇರಿ 2003ರಲ್ಲಿ ಇದರ ಕಾರಣಗಳನ್ನು ಪರಿಶೀಲಿಸಿತು. ಕ್ಲೇಮುಗಳಿಗಾಗಿ, ಅಂದರೆ ಪರಿಹಾರದ ಬೇಡಿಕೆಗಳಿಗಾಗಿ, ಆಗುತ್ತಿದ್ದ ನಷ್ಟದ ಹೆಚ್ಚಳವೇ ಮುಖ್ಯ ಕಾರಣವೆಂದು ಹೇಳಿದರೂ, ಬಾಂಡುಗಳ ಬಡ್ಡಿ ಇಳಿದು ಕಂಪನಿಗಳ ಹೂಡಿಕೆಯ ಆದಾಯ ಕುಗ್ಗಿದ್ದು, ವಿಮಾ ಕಂಪನಿಗಳೇ ತಮಗಾಗಿ ಕೊಳ್ಳುವ ಮರುವಿಮೆ ದುಬಾರಿಯಾದದ್ದು, 1990ರ ದಶಕದ ಪೈಪೋಟಿಯಲ್ಲಿ ಕಂತುಗಳನ್ನು ಅಗತ್ಯಕ್ಕಿಂತ ಕೆಳಗೆ ಇಟ್ಟಿದ್ದು ಇವೂ ಸೇರಿಕೊಂಡಿವೆ ಎಂದು ಗುರುತಿಸಿತು. ಅದೇ ವರದಿಯ ಪ್ರಕಾರ, 2002ರಲ್ಲಿ ಫ್ಲಾರಿಡಾದ ಡೇಡ್ ಕೌಂಟಿಯ ಸಾಮಾನ್ಯ ಶಸ್ತ್ರಚಿಕಿತ್ಸಕರಿಗೆ ಆ ರಾಜ್ಯದ ಅತಿದೊಡ್ಡ ವಿಮಾ ಕಂಪನಿ ವಿಧಿಸುತ್ತಿದ್ದ ಮೂಲ ಕಂತು ವರ್ಷಕ್ಕೆ 1,74,300 ಡಾಲರ್. ಮಿನೆಸೋಟದಲ್ಲಿ 10,140 ಡಾಲರ್. ಫ್ಲಾರಿಡಾದ ಶಾಸಕರು 2003ರಲ್ಲಿ ಇದೇ ವಿಷಯಕ್ಕಾಗಿ ಮತ್ತೆ ಮತ್ತೆ ವಿಶೇಷ ಅಧಿವೇಶನ ಕೂಡಿದ್ದೇಕೆ ಎಂಬುದು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತಿಳಿಯುತ್ತದೆ.

ಟೆಕ್ಸಸ್‌ನದೇ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ವಿಮಾ ಕಂಪನಿಗಳು ಇತ್ಯರ್ಥಪಡಿಸಿದ ಕ್ಲೇಮುಗಳ ವಿವರವನ್ನು ನಿಮ್ಮ ರಾಜ್ಯ ಸಂಗ್ರಹಿಸುತ್ತಿತ್ತು. ಆ ದಾಖಲೆಗಳನ್ನು ಅಧ್ಯಯನ ಮಾಡಿದ ಕಾನೂನು ಪ್ರಾಧ್ಯಾಪಕರ ತಂಡವೊಂದು, ಜನಸಂಖ್ಯೆಯ ಬೆಳವಣಿಗೆಯನ್ನೂ ಹಣದುಬ್ಬರವನ್ನೂ ಗಣನೆಗೆ ತೆಗೆದುಕೊಂಡರೆ, 1988ರಿಂದ 2002ರವರೆಗೆ ದೊಡ್ಡ ಕ್ಲೇಮುಗಳ ಸಂಖ್ಯೆಯಾಗಲಿ ಕೊಟ್ಟ ಮೊತ್ತವಾಗಲಿ ಕಂತಿನ ಜಿಗಿತವನ್ನು ವಿವರಿಸುವಷ್ಟು ಏರಿರಲಿಲ್ಲ ಎಂದು ತೋರಿಸಿತು. ಈ ತೀರ್ಮಾನವನ್ನು ಪ್ರಶ್ನಿಸುವವರೂ ಇದ್ದಾರೆ. ಆದರೆ ಮತದಾನದ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ: ಶಾಸಕರ ಮನೆಬಾಗಿಲಿಗೆ ಬಂದು ನಿಂತದ್ದು ಏರಿದ ಕಂತು, ಏರಿದ ನಷ್ಟವಲ್ಲ. ನಷ್ಟ ನಿಧಾನವಾಗಿ ಬೆಳೆಯುತ್ತದೆ, ಕಂತು ಒಮ್ಮೆಲೇ ಹಾರುತ್ತದೆ. ರಾಜಕೀಯ ಪ್ರತಿಕ್ರಿಯಿಸುವುದು ಹಾರಿದ್ದಕ್ಕೆ.

ಕಂತು ಏರಿದರೆ ವೈದ್ಯರು ಇತರ ವ್ಯಾಪಾರಿಗಳಂತೆ ಬೆಲೆ ಏರಿಸಿ ಅದನ್ನು ಗ್ರಾಹಕರಿಗೆ ದಾಟಿಸಬಹುದಲ್ಲ ಎಂಬ ಪ್ರಶ್ನೆ ನಿಮಗೆ ಏಳದಿರಬಹುದು, ಏಕೆಂದರೆ ನಿಮಗೆ ಅದು ಅನುಭವದಿಂದಲೇ ಗೊತ್ತು. ಇತರ ಓದುಗರಿಗಾಗಿ ಹೇಳುತ್ತೇನೆ. ಹಿರಿಯರ ಚಿಕಿತ್ಸೆಗೆ ಹಣ ಕೊಡುವ ಸರ್ಕಾರಿ ಯೋಜನೆಯಾದ ಮೆಡಿಕೇರ್ ತನ್ನ ಶುಲ್ಕವನ್ನು ತಾನೇ ನಿಗದಿಪಡಿಸುತ್ತದೆ. ಅದರಲ್ಲಿ ನಿರ್ಲಕ್ಷ್ಯ ವಿಮೆಯ ವೆಚ್ಚಕ್ಕೆಂದು ಸಣ್ಣ ಅಂಶವೊಂದಿದ್ದರೂ ಅದು ಏರುತ್ತಿರುವ ಕಂತಿನ ಹಿಂದೆ ತಡವಾಗಿ ಸಾಗುತ್ತದೆ. ಬಡವರಿಗಾಗಿರುವ ಮೆಡಿಕೇಡ್ ಅದಕ್ಕಿಂತ ಕಡಿಮೆ ಕೊಡುತ್ತದೆ, ಖಾಸಗಿ ಆರೋಗ್ಯ ವಿಮೆಯವರು ಒಪ್ಪಂದದ ದರಕ್ಕೇ ಕಟ್ಟುಬೀಳುತ್ತಾರೆ. ಹೀಗಾಗಿ ಏರಿದ ಕಂತು ನೇರವಾಗಿ ವೈದ್ಯರ ಆದಾಯದಿಂದ ಕಡಿತವಾಗುತ್ತದೆ, ಅದರಲ್ಲೂ ಮೆಡಿಕೇಡ್ ರೋಗಿಗಳೇ ಹೆಚ್ಚಾಗಿರುವ ಪ್ರಸೂತಿ ತಜ್ಞರಿಗೆ ಬಿಗಿಯಾಗುತ್ತದೆ. ಇದು ಕೃತಕವಾಗಿ ಹುಟ್ಟಿಸಿದ ಕೂಗಲ್ಲ, ನಿಜವಾದ ಸಂಕಷ್ಟ. ಶಾಸಕರು ಅದಕ್ಕೆ ಕಿವಿಗೊಟ್ಟದ್ದರಲ್ಲಿ ತಪ್ಪೂ ಇಲ್ಲ.

ಈ ಸಂಕಷ್ಟ ಹೇಗೆ ಮತವಾಗಿ ಬದಲಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳಿವೆ. 2002ರ ಜುಲೈನಲ್ಲಿ ಮೂಳೆ ಶಸ್ತ್ರಚಿಕಿತ್ಸಕರು ವಿಮೆಯ ಕಾರಣ ಕೊಟ್ಟು ರಾಜೀನಾಮೆ ನೀಡಿದ್ದರಿಂದ ಲಾಸ್ ವೇಗಸ್‌ನ ಯೂನಿವರ್ಸಿಟಿ ಮೆಡಿಕಲ್ ಸೆಂಟರ್ ತನ್ನ ಅಪಘಾತ ಚಿಕಿತ್ಸಾ ಕೇಂದ್ರವನ್ನು ಹತ್ತು ದಿನ ಮುಚ್ಚಿತು. ಕೆಲವೇ ವಾರಗಳಲ್ಲಿ ನೆವಾಡದ ಶಾಸನಸಭೆ ವಿಶೇಷ ಅಧಿವೇಶನದಲ್ಲಿ 3,50,000 ಡಾಲರ್ ಮಿತಿಯ ಕಾನೂನು ಮಾಡಿತು. 2003ರ ಜನವರಿ ಮೊದಲ ದಿನಗಳಲ್ಲಿ ಪಶ್ಚಿಮ ವರ್ಜೀನಿಯಾದ ವೀಲಿಂಗ್ ಸುತ್ತಮುತ್ತಲಿನ ಶಸ್ತ್ರಚಿಕಿತ್ಸಕರು ಕೆಲಸ ನಿಲ್ಲಿಸಿದರು. ಅದೇ ಚಳಿಗಾಲದ ಅಧಿವೇಶನ ಮುಗಿಯುವಷ್ಟರಲ್ಲಿ ಅಲ್ಲಿಯೂ ಮಿತಿ ಬಂತು. ಆಗ ಆ ರಾಜ್ಯದ ಎರಡೂ ಸದನಗಳು, ಸಾಮಾನ್ಯವಾಗಿ ಮಿತಿಯನ್ನು ವಿರೋಧಿಸುವ ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿದ್ದವು, ಚುನಾಯಿತ ರಾಜ್ಯಪಾಲರೂ ಅದೇ ಪಕ್ಷದವರು. ಬೆಟ್ಟಗುಡ್ಡದ ಕ್ಷೇತ್ರವೊಂದರ ಶಾಸಕರಿಗೆ ಇರುವ ಒಂದೇ ಆಸ್ಪತ್ರೆಯ ಹೆರಿಗೆ ವಿಭಾಗ ಮುಚ್ಚಿದರೆ ಏನಾಗುತ್ತದೆಂದು ಗೊತ್ತು: ಗರ್ಭಿಣಿಯರು ಪಕ್ಕದ ಜಿಲ್ಲೆಗೆ ಹೋಗಬೇಕು, ಊರಿನ ದೊಡ್ಡ ಉದ್ಯೋಗದಾತ ಸಂಸ್ಥೆಯೇ ಕುಗ್ಗಬೇಕು, ಮುಂದಿನ ಚುನಾವಣೆಯಲ್ಲಿ ಆ ಪ್ರಶ್ನೆ ಎದುರಾಗಬೇಕು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಿ. ನ್ಯೂಯಾರ್ಕ್ ರಾಜ್ಯದ 1984ರ ಆಸ್ಪತ್ರೆ ದಾಖಲೆಗಳನ್ನು ಆಧರಿಸಿದ ಹಾರ್ವರ್ಡ್ ಅಧ್ಯಯನ, ಆಸ್ಪತ್ರೆಗೆ ದಾಖಲಾದವರಲ್ಲಿ ಶೇ. 3.7ರಷ್ಟು ಜನರಿಗೆ ಚಿಕಿತ್ಸೆಯಿಂದಲೇ ಹಾನಿಯಾಗಿತ್ತೆಂದೂ, ಅಂಥ ಹಾನಿಗಳಲ್ಲಿ ಶೇ. 27.6ರಷ್ಟಕ್ಕೆ ನಿರ್ಲಕ್ಷ್ಯ ಕಾರಣವೆಂದೂ ಕಂಡುಕೊಂಡಿತು. ಹಾಗೆ ನಿರ್ಲಕ್ಷ್ಯಕ್ಕೆ ಗುರಿಯಾದವರಲ್ಲಿ ಬಹುಪಾಲು ಜನ ಮೊಕದ್ದಮೆಯನ್ನೇ ಹೂಡಿರಲಿಲ್ಲ. ಮುಂದಿನ ವರ್ಷ ಯಾರಿಗೆ ಹಾನಿಯಾಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಮಿತಿಯಿಂದ ನಷ್ಟ ಅನುಭವಿಸುವವರಿಗೆ ಸಂಘವಿಲ್ಲ, ಮೆರವಣಿಗೆಯಿಲ್ಲ, ರಾಜಧಾನಿಯಲ್ಲಿ ಕಚೇರಿಯಿಲ್ಲ. ಈಗಾಗಲೇ ನೊಂದವರು ಬಂದು ಸಾಕ್ಷ್ಯ ಹೇಳುತ್ತಾರೆ ನಿಜ, ಆದರೆ ಕಾನೂನು ಮುಟ್ಟುವುದು ಇನ್ನೂ ನೋಯದವರನ್ನು. ಶಾಸಕರ ಲೆಕ್ಕದಲ್ಲಿ ಒಂದು ಕಡೆ ಹೆಸರು ಮುಖ ಇರುವ ನಷ್ಟ, ಇನ್ನೊಂದು ಕಡೆ ಹೆಸರಿಲ್ಲದ ನಷ್ಟ. ಈ ಅಸಮತೋಲವನ್ನು ಯಾವ ದೇಣಿಗೆಯೂ ಸೃಷ್ಟಿಸಿಲ್ಲ. ಅದನ್ನು ಸ್ವಲ್ಪ ಮಟ್ಟಿಗೆ ತುಂಬುವವರು ಮೊಕದ್ದಮೆ ನಡೆಸುವ ವಕೀಲರ ಸಂಘಗಳು. ಅವರಿಗೂ ಸ್ವಂತ ಲಾಭವಿದೆ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ, ಅವರಿಲ್ಲದಿದ್ದರೆ ಆ ತಟ್ಟೆ ಖಾಲಿಯೇ ಉಳಿಯುತ್ತಿತ್ತು.

ವಕೀಲರ ಲಾಭ ಹೇಗೆ ಕೆಲಸ ಮಾಡುತ್ತದೆ ಎಂಬುದೂ ಇಲ್ಲಿ ಮುಖ್ಯ. ಈ ಮೊಕದ್ದಮೆಗಳಲ್ಲಿ ವಕೀಲರು ಗೆದ್ದರೆ ಮಾತ್ರ ಶುಲ್ಕ ಪಡೆಯುತ್ತಾರೆ, ಸಾಮಾನ್ಯವಾಗಿ ಮೊತ್ತದ ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು; ತಜ್ಞ ಸಾಕ್ಷಿಗಳ ಖರ್ಚನ್ನು ಮೊದಲು ತಾವೇ ಹಾಕುತ್ತಾರೆ, ಅದು ಹತ್ತಾರು ಸಾವಿರ ಡಾಲರ್ ಆಗುತ್ತದೆ. ಸಿಗಬಹುದಾದ ಒಟ್ಟು ಮೊತ್ತವೇ 2,50,000 ಡಾಲರ್ ಎಂದಾದರೆ ನಿವೃತ್ತ ಅಜ್ಜಿಯ ಅಥವಾ ಸತ್ತ ಶಿಶುವಿನ ಪ್ರಕರಣವನ್ನು ಕೈಗೆತ್ತಿಕೊಳ್ಳುವುದು ಕಚೇರಿಗೆ ಹೊರೆಯಾಗುತ್ತದೆ. ಮಿತಿಯ ನಿಜವಾದ ಪರಿಣಾಮ ನ್ಯಾಯಾಲಯದ ತೀರ್ಪಿನಲ್ಲಿ ಕಾಣುವುದಕ್ಕಿಂತ, ವಕೀಲರು ಬೇಡವೆಂದು ಹಿಂದಿರುಗಿಸಿದ ಪ್ರಕರಣಗಳಲ್ಲಿ ಇರುತ್ತದೆ.

ಈಗ ಪಕ್ಷದ ವಿಷಯ. ರಾಷ್ಟ್ರಮಟ್ಟದಲ್ಲಿ ಪಕ್ಷವೇ ಬಹುತೇಕ ಎಲ್ಲವನ್ನೂ ವಿವರಿಸುತ್ತದೆ. 2003ರ ಮಾರ್ಚ್‌ನಲ್ಲಿ 2,50,000 ಡಾಲರ್ ಮಿತಿಯ ಮಸೂದೆ ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 229–196 ಮತಗಳಿಂದ ಗೆದ್ದಿತು. ಅದೇ ವರ್ಷದ ಜುಲೈನಲ್ಲಿ ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆಯನ್ನು ಮುಗಿಸಲು 60 ಮತ ಬೇಕಿದ್ದಾಗ 49–48ಕ್ಕೆ ನಿಂತು ಬಿದ್ದುಹೋಯಿತು. 2012ರಲ್ಲಿ ಪ್ರತಿನಿಧಿ ಸಭೆಯ ಮತ 223–181, 2017ರಲ್ಲಿ 218–210. ಸೆನೆಟ್ ಈ ಎರಡನ್ನೂ ಕಾನೂನಾಗಿಸಲಿಲ್ಲ. 2003ರಲ್ಲಿ ಒಂದಷ್ಟು ಡೆಮಾಕ್ರಟ್ ಸದಸ್ಯರಾದರೂ ಮಸೂದೆಯ ಪರ ಮತ ಹಾಕಿದ್ದರು. ಬರಬರುತ್ತಾ ಆ ದಾಟುವಿಕೆಯೂ ನಿಂತುಹೋಯಿತು. ರಾಜ್ಯಗಳಲ್ಲಿ ಹಾಗಲ್ಲ. 1975ರಲ್ಲಿ ಕ್ಯಾಲಿಫೋರ್ನಿಯಾದ ಮಿತಿ ಕಾನೂನಿಗೆ ಸಹಿ ಹಾಕಿದ ಅಲ್ಲಿನ ರಾಜ್ಯಪಾಲ ಜೆರ್ರಿ ಬ್ರೌನ್ ಡೆಮಾಕ್ರಟ್. ಅರಿವಳಿಕೆ ತಜ್ಞರು ಕೆಲಸ ನಿಲ್ಲಿಸಿದ್ದ ಆ ವರ್ಷ ಅವರೇ ವಿಶೇಷ ಅಧಿವೇಶನ ಕರೆದಿದ್ದರು. 2005ರಲ್ಲಿ ಇಲಿನಾಯ್‌ನ ಡೆಮಾಕ್ರಟಿಕ್ ಶಾಸನಸಭೆಯೂ ಮಿತಿಯನ್ನು ಒಪ್ಪಿತು, ಏಕೆಂದರೆ ರಾಜ್ಯದ ದಕ್ಷಿಣ ಭಾಗದ ಮ್ಯಾಡಿಸನ್ ಮತ್ತು ಸೇಂಟ್ ಕ್ಲೇರ್ ಕೌಂಟಿಗಳಲ್ಲಿ ನರಶಸ್ತ್ರಚಿಕಿತ್ಸಕರ ಕೊರತೆ ಚುನಾವಣೆಯ ವಿಷಯವಾಗಿತ್ತು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು 2010ರಲ್ಲಿ ರದ್ದುಮಾಡಿತು. ಸ್ಥಳೀಯ ಬಿಕ್ಕಟ್ಟು ಸಾಕಷ್ಟು ಹತ್ತಿರ ಬಂದಾಗ ಪಕ್ಷದ ಗೆರೆ ಬಾಗುತ್ತದೆ, ದೂರವಿದ್ದಾಗ ಗಟ್ಟಿಯಾಗಿ ನಿಲ್ಲುತ್ತದೆ.

ದೇಣಿಗೆಯ ಪರಿಣಾಮವನ್ನು ಅಳೆಯುವುದು ಕಷ್ಟವೆಂದು ನಾನು ಹೇಳುವುದಕ್ಕೆ ಕಾರಣ ಇದೇ. ವಕೀಲರ ರಾಷ್ಟ್ರೀಯ ಸಂಘ ತನ್ನ ಹಣದ ಬಹುಪಾಲನ್ನು ಡೆಮಾಕ್ರಟರಿಗೆ ಕೊಡುತ್ತದೆ, ಮತ್ತು ಅವರು ಮಿತಿಗೆ ವಿರುದ್ಧವಾಗಿ ಮತ ಹಾಕುತ್ತಾರೆ. ಹಣ ಬಂದದ್ದರಿಂದ ಮತ ಬಂತೋ, ಮತ ಹೀಗೆಯೇ ಬರುತ್ತದೆಂದು ಗೊತ್ತಿದ್ದುದರಿಂದ ಹಣ ಹೋಯಿತೋ? ಕೊಡುವವರು ತಮ್ಮ ಮಿತ್ರರು ಮರಳಿ ಗೆಲ್ಲಲಿ ಎಂದು ಕೊಡುತ್ತಾರೆ, ಶತ್ರುಗಳನ್ನು ಕೊಳ್ಳಲು ಕೊಡುವುದು ವಿರಳ. ಅಮೆರಿಕದ ಶಾಸಕರ ಮತದ ಮೇಲೆ ದೇಣಿಗೆಯ ಪ್ರಭಾವವನ್ನು ಪರೀಕ್ಷಿಸಿದ ಅನೇಕ ಅಧ್ಯಯನಗಳು, ಪಕ್ಷವನ್ನೂ ಕ್ಷೇತ್ರದ ಸ್ವರೂಪವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿಯುವ ಪ್ರಭಾವ ಜನ ಭಾವಿಸುವುದಕ್ಕಿಂತ ಸಣ್ಣದೆಂದು ತೋರಿಸಿವೆ. ಹಣ ನಿರ್ಣಾಯಕವಾಗುವುದು ಮತದಾರರೇ ತೀರ್ಮಾನಿಸುವ ಜನಮತದಲ್ಲಿ. 2014ರಲ್ಲಿ ಕ್ಯಾಲಿಫೋರ್ನಿಯಾದ ಮಿತಿಯನ್ನು ಹಣದುಬ್ಬರಕ್ಕೆ ತಕ್ಕಂತೆ ಸುಮಾರು 11 ಲಕ್ಷ ಡಾಲರಿಗೆ ಏರಿಸುವ ಪ್ರಸ್ತಾವ 46ರ ವಿರುದ್ಧ, ವೈದ್ಯರ ವಿಮಾ ಸಂಸ್ಥೆಗಳೂ ಆಸ್ಪತ್ರೆಗಳೂ 5 ಕೋಟಿ ಡಾಲರಿಗೂ ಹೆಚ್ಚು ಸುರಿದವು. ವೈದ್ಯರಿಗೆ ಮಾದಕವಸ್ತು ಪರೀಕ್ಷೆ ಕಡ್ಡಾಯ ಮಾಡುವ ಅಂಶವನ್ನೂ ಅದರಲ್ಲಿ ಸೇರಿಸಿದ್ದರು. ಮೂರರಲ್ಲಿ ಎರಡು ಪಾಲಿನಷ್ಟು ಮತದಾರರು ಅದನ್ನು ತಿರಸ್ಕರಿಸಿದರು.

ಶಾಸಕರ ಸ್ವಂತ ವೃತ್ತಿಯ ಪ್ರಭಾವ ಇದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು, 1995ರಿಂದ 2014ರವರೆಗೆ ಅಮೆರಿಕದ ಕಾಂಗ್ರೆಸ್ಸಿನಲ್ಲೂ ರಾಜ್ಯಗಳ ಶಾಸನಸಭೆಗಳಲ್ಲೂ ಇಂಥ ಹೊಣೆಗಾರಿಕೆ ಕಾನೂನುಗಳ ಮೇಲೆ ನಡೆದ ಮತದಾನಗಳನ್ನು ಪರಿಶೀಲಿಸಿದರು. ವಕೀಲ ವೃತ್ತಿಯಿಂದ ಬಂದ ಶಾಸಕರು, ಹೊಣೆಗಾರಿಕೆಯನ್ನು ಕುಗ್ಗಿಸುವ ಸುಧಾರಣೆಗಳನ್ನು ಇತರರಿಗಿಂತ ಕಡಿಮೆ ಬೆಂಬಲಿಸುತ್ತಾರೆ ಎಂದು ಕಂಡುಕೊಂಡರು. ಇದನ್ನು ಸ್ವಾರ್ಥವೆಂದು ಮಾತ್ರ ಓದಬಾರದು; ನೊಂದವರ ಎದುರು ಕುಳಿತು ಪ್ರಕರಣ ನಡೆಸಿದವರಿಗೆ ಆ ಹೆಸರಿಲ್ಲದ ನಷ್ಟಕ್ಕೆ ಮುಖವಿರುತ್ತದೆ. 2003ರ ಸೆನೆಟ್‌ನಲ್ಲಿ ಬಹುಮತ ಪಕ್ಷದ ನಾಯಕ ಬಿಲ್ ಫ್ರಿಸ್ಟ್ ಹೃದಯ ಶಸ್ತ್ರಚಿಕಿತ್ಸಕರಾಗಿದ್ದವರು, ಆಸ್ಪತ್ರೆ ಸರಣಿಯೊಂದನ್ನು ಸ್ಥಾಪಿಸಿದ ಕುಟುಂಬದವರು. ಎದುರು ಬಣದ ಜಾನ್ ಎಡ್ವರ್ಡ್ಸ್ ವೈದ್ಯಕೀಯ ನಿರ್ಲಕ್ಷ್ಯದ ಮೊಕದ್ದಮೆಗಳನ್ನು ನಡೆಸಿಯೇ ಹೆಸರು ಮಾಡಿದ್ದ ವಕೀಲರು. ಇಬ್ಬರೂ ತಾವು ಹತ್ತಿರದಿಂದ ಕಂಡ ನಷ್ಟವನ್ನೇ ಸಭೆಯ ಮುಂದಿಟ್ಟರು.

ರಾಷ್ಟ್ರಮಟ್ಟದಲ್ಲಿ ಇನ್ನೊಂದು ಲೆಕ್ಕವೂ ಇದೆ, ಅದು ಬಜೆಟ್ಟಿನದು. ಮಿತಿ ಮತ್ತಿತರ ಸುಧಾರಣೆಗಳ ಒಂದು ಕಟ್ಟು ಜಾರಿಗೆ ಬಂದರೆ ದೇಶದ ಆರೋಗ್ಯ ವೆಚ್ಚ ಸುಮಾರು ಶೇ. 0.5ರಷ್ಟು ಇಳಿಯಬಹುದು, ಕೇಂದ್ರ ಸರ್ಕಾರದ ಕೊರತೆ ಹತ್ತು ವರ್ಷಗಳಲ್ಲಿ 5,400 ಕೋಟಿ ಡಾಲರ್ ತಗ್ಗಬಹುದು ಎಂದು 2009ರಲ್ಲಿ ಕಾಂಗ್ರೆಸ್ಸಿನ ಬಜೆಟ್ ಕಚೇರಿ ಅಂದಾಜಿಸಿತು. ಮರುವರ್ಷ ಸಂಶೋಧಕರ ತಂಡವೊಂದು ಮೊಕದ್ದಮೆ ಮತ್ತು ಮೊಕದ್ದಮೆಯ ಭಯದಿಂದ ಮಾಡುವ ಅನಗತ್ಯ ಪರೀಕ್ಷೆಗಳನ್ನೆಲ್ಲ ಸೇರಿಸಿ ವರ್ಷಕ್ಕೆ 5,560 ಕೋಟಿ ಡಾಲರ್, ಅಂದರೆ ಆರೋಗ್ಯ ವೆಚ್ಚದ ಶೇ. 2.4 ಎಂದು ಲೆಕ್ಕ ಹಾಕಿತು. ಒಟ್ಟು ವೆಚ್ಚದ ಮುಂದೆ ಇವು ಸಣ್ಣವೇ. ಆದರೆ ಕೊರತೆ ತಗ್ಗಿಸುವ ಅಂಕಿಯೊಂದು ಅಧಿಕೃತವಾಗಿ ಕೈಗೆ ಸಿಕ್ಕಿತೆಂದರೆ ಅದನ್ನು ಬೇರೆ ಖರ್ಚಿಗೆ ಹೊಂದಿಸಬಹುದು. 2012ರ ಮಸೂದೆಯಲ್ಲಿ ಆದದ್ದು ಅದೇ: ಮೆಡಿಕೇರ್ ವೆಚ್ಚಕ್ಕೆ ಕಡಿವಾಣ ಹಾಕಬೇಕಿದ್ದ ಸ್ವತಂತ್ರ ಮಂಡಳಿಯನ್ನು ರದ್ದುಮಾಡುವ ಪ್ರಸ್ತಾವಕ್ಕೆ ಇದನ್ನು ಜೋಡಿಸಿ, ಆ ರದ್ದತಿಯ ವೆಚ್ಚವನ್ನು ಮಿತಿಯ ಉಳಿತಾಯದಿಂದ ಸರಿದೂಗಿಸಿದರು. ಆ ದಿನ ಮತ ಹಾಕಿದವರು ನಿರ್ಲಕ್ಷ್ಯ ಕಾನೂನಿನ ಬಗ್ಗೆಯಷ್ಟೇ ಮತ ಹಾಕಿದರೆಂದು ಹೇಳಲಾಗದು.

ಇನ್ನು ನಿಮ್ಮ ಟೆಕ್ಸಸ್. 1977ರಲ್ಲಿ ಮಾಡಿದ ಮಿತಿಯನ್ನು ರಾಜ್ಯದ ಸುಪ್ರೀಂ ಕೋರ್ಟ್ 1988ರಲ್ಲಿ ತಳ್ಳಿಹಾಕಿತ್ತು. 2002ರ ಚುನಾವಣೆಯಲ್ಲಿ ಮಿತಿಯ ಪರವಾಗಿದ್ದ ರಿಪಬ್ಲಿಕನ್ ಪಕ್ಷ ನೂರಕ್ಕೂ ಹೆಚ್ಚು ವರ್ಷಗಳ ನಂತರ ಕೆಳಮನೆಯನ್ನು ಗೆದ್ದಿತು. ಅದು ವಿಮಾ ಬಿಕ್ಕಟ್ಟು ತುದಿಗೇರಿದ್ದ ಹೊತ್ತು. 2003ರಲ್ಲಿ ಬಂದ ಮಸೂದೆ ವೈದ್ಯರಿಗೆ ಒಟ್ಟಾಗಿ 2,50,000 ಡಾಲರ್, ಆಸ್ಪತ್ರೆಗಳನ್ನು ಸೇರಿಸಿದರೆ ಗರಿಷ್ಠ 7,50,000 ಡಾಲರ್ ಎಂದು ಮಿತಿ ಹಾಕಿತು. ನ್ಯಾಯಾಲಯ ಮತ್ತೆ ತಳ್ಳಿಹಾಕದಂತೆ ಸಂವಿಧಾನ ತಿದ್ದುಪಡಿಯನ್ನೂ ಜನರ ಮುಂದಿಟ್ಟರು. ಸೆಪ್ಟೆಂಬರ್ 13ರಂದು ಅದು ಶೇ. 51ರಷ್ಟು ಮತಗಳಿಂದ ಗೆದ್ದಿತು. ನಂತರ ಕ್ಲೇಮುಗಳು ಇಳಿದವು, ಕಂತುಗಳೂ ಇಳಿದವು. ನಿಮ್ಮ ಸಹೋದ್ಯೋಗಿಗಳು ಹೇಳುವುದರಲ್ಲಿ ಇಷ್ಟು ಗಟ್ಟಿ. ಆದರೆ ಪ್ರಚಾರದ ಸಮಯದಲ್ಲಿ ಹೇಳಿದಂತೆ ವೈದ್ಯರ ಸಂಖ್ಯೆ ಆ ಕಾನೂನಿನಿಂದಲೇ ಜಿಗಿಯಿತು, ಚಿಕಿತ್ಸಾ ವೆಚ್ಚ ಇಳಿಯಿತು ಎಂಬುದನ್ನು, ಮೇಲೆ ಹೇಳಿದ ಕ್ಲೇಮುಗಳನ್ನು ಪರಿಶೀಲಿಸಿದ ಸಂಶೋಧಕರ ಮುಂದಿನ ಅಧ್ಯಯನಗಳು ಬೆಂಬಲಿಸಲಿಲ್ಲ.

ನಿಮ್ಮ ಕಾನೂನಿನಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಶ ಮಿತಿಯ ಮೊತ್ತವಲ್ಲ, ಅದು ಹಣದುಬ್ಬರಕ್ಕೆ ತಕ್ಕಂತೆ ಏರುವುದಿಲ್ಲ ಎಂಬುದು. 2003ರ 2,50,000 ಡಾಲರ್ ಇಂದಿಗೂ ಅಷ್ಟೇ. ಒಮ್ಮೆ ಮತ ಹಾಕಿದ ಶಾಸಕರು ಮತ್ತೆ ಮತ ಹಾಕದೆಯೇ ಆ ಮಿತಿ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತದೆ, ಮತ್ತು ಯಾವ ಅಧಿವೇಶನದಲ್ಲೂ ಯಾರೂ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಮೊತ್ತ ಹೀಗೆಯೇ ನಲವತ್ತೇಳು ವರ್ಷ ನಿಂತಿತ್ತು. ಅದು ಕದಲಿದ್ದು 2022ರಲ್ಲಿ, ಮಿತಿಯನ್ನು ಬಹುಮಟ್ಟಿಗೆ ಕಿತ್ತೊಗೆಯುವ ಇನ್ನೊಂದು ಪ್ರಸ್ತಾವ ಜನಮತಕ್ಕೆ ಹೋಗಲು ಸಿದ್ಧವಾದಾಗ. ಸೋತರೆ ಎಲ್ಲವನ್ನೂ ಕಳೆದುಕೊಳ್ಳುವ ಅಪಾಯ ವೈದ್ಯರ ಕಡೆಗೂ, ಮತ್ತೊಮ್ಮೆ ಕೋಟಿಗಟ್ಟಲೆ ಸುರಿದು ಸೋಲುವ ಅಪಾಯ ವಕೀಲರ ಕಡೆಗೂ ಇತ್ತು. ಇಬ್ಬರೂ ಕುಳಿತು ಒಪ್ಪಂದ ಮಾಡಿಕೊಂಡ ಮೇಲೆ ಶಾಸಕರು ಹೆಚ್ಚು ವಿರೋಧವಿಲ್ಲದೆ ಅಂಗೀಕರಿಸಿದರು. 2023ರ ಜನವರಿಯಿಂದ ಮಿತಿ ಸಾವಿನ ಪ್ರಕರಣಗಳಲ್ಲಿ 5 ಲಕ್ಷ, ಇತರ ಪ್ರಕರಣಗಳಲ್ಲಿ 3.5 ಲಕ್ಷ ಡಾಲರ್ ಆಯಿತು. ಹತ್ತು ವರ್ಷಗಳಲ್ಲಿ ಹಂತಹಂತವಾಗಿ 10 ಲಕ್ಷ ಮತ್ತು 7.5 ಲಕ್ಷ ಮುಟ್ಟಿ, ಆಮೇಲೆ ವರ್ಷಕ್ಕೆ ಶೇ. 2ರಂತೆ ಏರುತ್ತದೆ. ನೆವಾಡ ಕೂಡ 2023ರಲ್ಲಿ ತನ್ನ 3,50,000 ಡಾಲರ್ ಮಿತಿಯನ್ನು ಹಂತಹಂತವಾಗಿ 7,50,000ಕ್ಕೆ ಏರಿಸುವ ಕಾನೂನು ಮಾಡಿತು. ಟೆಕ್ಸಸ್‌ನಲ್ಲಿ ನಾಗರಿಕರೇ ಸಹಿ ಸಂಗ್ರಹಿಸಿ ಪ್ರಸ್ತಾವವನ್ನು ಜನಮತಕ್ಕೆ ಒಯ್ಯುವ ದಾರಿ ರಾಜ್ಯಮಟ್ಟದಲ್ಲಿ ಇಲ್ಲ. ಆದ್ದರಿಂದ ಅಲ್ಲಿ ಮಿತಿಯನ್ನು ಹಣದುಬ್ಬರಕ್ಕೆ ಜೋಡಿಸುವ ಪ್ರಶ್ನೆ ಏಳಬೇಕಾದರೆ ಅದನ್ನು ಆಸ್ಟಿನ್‌ನ ಶಾಸನಸಭೆಯೊಳಗೇ ಯಾರಾದರೂ ಎತ್ತಬೇಕು. ವಿಮಾ ಮಾರುಕಟ್ಟೆ ಶಾಂತವಾಗಿರುವ ವರ್ಷಗಳಲ್ಲಿ, ವೈದ್ಯರಿಗೆ ಕಳೆದುಕೊಳ್ಳುವುದು ಕಡಿಮೆ ಇರುವಾಗ, ಆ ಮಾತನ್ನು ನಿಮ್ಮಂಥ ಪ್ರಸೂತಿ ತಜ್ಞರೇ ತಮ್ಮ ವೈದ್ಯ ಸಂಘದಲ್ಲಿ ಎತ್ತಿದರೆ ಶಾಸಕರು ಕೇಳುವ ಸಾಧ್ಯತೆ ಅತಿ ಹೆಚ್ಚು ಎಂದು ನಾನು ಭಾವಿಸುತ್ತೇನೆ.